ಹಳೆಯ ಬಿಸಿ ಕಾಲಗಳ ಆಮ್ಲಜನಕ ದಾಖಲೆ ಓದಲು ಯಾವ ದಾರಿ: ಸೂತ್ರವೋ, ಮಾಡೆಲ್ಲೋ?

ಗ್ರೀನ್‌ಲ್ಯಾಂಡಿನ ಹಿಮಗಡ್ಡೆಯ ತಳಭಾಗದಲ್ಲಿ ಸುಮಾರು 1,25,000 ವರ್ಷಗಳ ಹಿಂದೆ ಬಿದ್ದ ಹಿಮ ಇನ್ನೂ ಉಳಿದಿದೆ. ಅದರಲ್ಲಿ ಭಾರದ ಆಮ್ಲಜನಕದ (ಹೆಚ್ಚು ತೂಕದ ಆಮ್ಲಜನಕ ಪರಮಾಣುಗಳ) ಮೌಲ್ಯ ಇಂದಿನ ಹಿಮಕ್ಕಿಂತ ಕನಿಷ್ಠ 3 ಪರ್ ಮಿಲ್ ಜಾಸ್ತಿ. ಪರ್ ಮಿಲ್ ಅಂದರೆ ಸಾವಿರಕ್ಕೆ ಒಂದು ಭಾಗ. ಬಿಸಿ ಹೆಚ್ಚಾದಷ್ಟೂ ಹಿಮದಲ್ಲಿ ಈ ಮೌಲ್ಯ ಏರುತ್ತದೆ. ಹಾಗಾದರೆ ಆಗ ಅಲ್ಲಿ ಎಷ್ಟು ಬಿಸಿ ಇತ್ತು? ಒಂದು ಡಿಗ್ರಿಗೆ 0.67 ಪರ್ ಮಿಲ್ ಎಂಬ ಇಂದಿನ ದರ ಹಿಡಿದರೆ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚು. ಅದೇ 0.3 ಹಿಡಿದರೆ ಹತ್ತು ಡಿಗ್ರಿ. ಅಳತೆ ಅದೇ, ಉತ್ತರ ಮಾತ್ರ ಎರಡರಷ್ಟಾಯಿತು. ಯಾವ ದರ ಸರಿ ಎಂದು ಹಿಮಗಡ್ಡೆ ತಾನಾಗಿ ಹೇಳುವುದಿಲ್ಲ. ಹವಾಮಾನ ಮಾಡೆಲ್‌ಗಳು ಬೇಕಾಗುವುದು ಇಲ್ಲಿಯೇ.

ಆದರೆ ಮಾಡೆಲ್ ಎಂದರೆ ಒಂದೇ ಬಗೆಯದಲ್ಲ. ಕಾಗದದ ಮೇಲೆ ಮುಗಿಯುವ ಸೂತ್ರದಿಂದ ಹಿಡಿದು, ಸೂಪರ್ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಓಡುವ ಮಾಡೆಲ್‌ಗಳವರೆಗೆ ಹಲವು ದಾರಿಗಳಿವೆ. ದೊಡ್ಡದೇ ಒಳ್ಳೆಯದು ಎಂದು ಸುಮ್ನೆ ಹೇಳಿಬಿಡಬಹುದು. ಅದು ನಿಜವಲ್ಲ. ನಿಮ್ಮ ಕೈಯಲ್ಲಿರುವುದು ಹಿಮದ ಕೋರೋ (ಕೊರೆದು ತೆಗೆದ ಹಿಮದ ಕಂಬ), ಸಮುದ್ರದ ಚಿಪ್ಪೋ, ಗುಹೆಯ ಸ್ಟಾಲಗ್ಮೈಟೋ (ನೀರು ತೊಟ್ಟಿಕ್ಕಿ ನೆಲದಿಂದ ಬೆಳೆದ ಸುಣ್ಣದ ಕಂಬ)? ಕಾಲ ಯಾವುದು? ನಿಮ್ಮ ಪ್ರಶ್ನೆ ತಾಪಮಾನದ್ದೋ, ಮಳೆಯದ್ದೋ, ಹಿಮಗಡ್ಡೆಯ ಗಾತ್ರದ್ದೋ? ಇವನ್ನು ನೋಡಿ ದಾರಿ ಆರಿಸಬೇಕು. ದಾಖಲೆಯ ಮೇಲೆ ಕೆಲಸ ಮಾಡುವವರಿಗೂ, ಇಂಥ ಸಂಶೋಧನೆಗಳನ್ನು ಓದಿ ಎಷ್ಟು ನಂಬಬೇಕು ಎಂದು ಯೋಚಿಸುವವರಿಗೂ ಈ ಹೋಲಿಕೆ.

ಸಂಖ್ಯೆಯೊಳಗೆ ಏನೇನು ಬೆರೆತಿದೆ

ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು ಐಸೊಟೋಪ್ ಎನ್ನುತ್ತಾರೆ. ಆಮ್ಲಜನಕದಲ್ಲಿ ಬಹುಪಾಲು ಹಗುರವಾದ 16ರ ಐಸೊಟೋಪ್. ಭಾರವಾದ 18ರದ್ದು ಶೇಕಡಾ 0.2ರಷ್ಟು ಮಾತ್ರ. ನೀರು ಆವಿಯಾಗುವಾಗ ಹಗುರ ನೀರು ಸ್ವಲ್ಪ ಸುಲಭವಾಗಿ ಮೇಲೇಳುತ್ತದೆ. ಮೋಡದಿಂದ ಮಳೆ ಬೀಳುವಾಗ ಭಾರದ್ದು ಮೊದಲು ಉದುರುತ್ತದೆ. ಆವಿ ಧ್ರುವದ ಕಡೆ ಹೋಗುತ್ತಾ, ತಣ್ಣಗಾಗುತ್ತಾ, ಮಳೆ ಸುರಿಸುತ್ತಾ ಹೋದಂತೆ ಅದರಲ್ಲಿ ಉಳಿಯುವ ಭಾರದ ಆಮ್ಲಜನಕ ಕಡಿಮೆಯಾಗುತ್ತದೆ. ಹೀಗಾಗಿ ತಂಪು ಜಾಗದ ಹಿಮದಲ್ಲಿ ಭಾರದ್ದು ಕಡಿಮೆ, ಬಿಸಿಯಾದರೆ ಜಾಸ್ತಿ. ಒಂದು ನಿಗದಿತ ಮಾದರಿ ನೀರಿಗೆ ಹೋಲಿಸಿ ಈ ವ್ಯತ್ಯಾಸವನ್ನು ಡೆಲ್ಟಾ ಮೌಲ್ಯವಾಗಿ ಬರೆಯುತ್ತಾರೆ.

ಚಿಪ್ಪಿನ ಕತೆ ಇದಕ್ಕೆ ತಿರುಗಾಮುರುಗಾ. ಫೊರಾಮಿನಿಫೆರಾ ಎಂಬ ಸಣ್ಣ ಸಮುದ್ರಜೀವಿಗಳು ಸುಣ್ಣದ ಚಿಪ್ಪು ಕಟ್ಟುವಾಗ, ನೀರು ತಂಪಾದಷ್ಟೂ ಭಾರದ ಆಮ್ಲಜನಕವನ್ನು ಜಾಸ್ತಿ ಸೇರಿಸಿಕೊಳ್ಳುತ್ತವೆ. ಒಂದು ಡಿಗ್ರಿಗೆ ಸುಮಾರು 0.2 ಪರ್ ಮಿಲ್. ಆದರೆ ಚಿಪ್ಪು ತಾನು ಬೆಳೆದ ನೀರಿನ ಮೌಲ್ಯವನ್ನೂ ಹೊತ್ತಿರುತ್ತದೆ. ಆ ನೀರಿನ ಮೌಲ್ಯ ಆವಿ, ಮಳೆ, ನದಿ, ಜೊತೆಗೆ ಭೂಮಿಯ ಮೇಲೆ ಎಷ್ಟು ಹಿಮಗಡ್ಡೆ ಕೂತಿದೆ ಎಂಬುದರ ಮೇಲೆ ನಿಂತಿದೆ. ಹಗುರ ನೀರು ಹಿಮಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡರೆ ಸಾಗರದಲ್ಲಿ ಭಾರದ ಪಾಲು ಏರುತ್ತದೆ.

ಒಂದು ಸಂಖ್ಯೆಯ ಹಿಂದೆ ಇಷ್ಟು ಕಾರಣಗಳು. ಯಾವ ದಾರಿ ಇವುಗಳಲ್ಲಿ ಎಷ್ಟನ್ನು ಬಿಡಿಸಿ ತೋರಿಸುತ್ತದೆ ಎಂಬುದೇ ನಾವು ನೋಡಬೇಕಾದ್ದು.

ಮೊದಲ ದಾರಿ: ಇಂದಿನ ಸೂತ್ರ

1947ರಲ್ಲಿ ಹೆರಾಲ್ಡ್ ಯೂರಿ, ಐಸೊಟೋಪ್‌ಗಳಿಂದ ಹಳೆಯ ತಾಪಮಾನ ಅಳೆಯಬಹುದು ಎಂದು ತೋರಿಸಿದರು. 1953ರ ಹೊತ್ತಿಗೆ ಚಿಪ್ಪಿಗೆ ಬಳಸುವ ತಾಪಮಾನ ಸಮೀಕರಣ ಸಿದ್ಧವಾಗಿತ್ತು. ಹಿಮ ಮತ್ತು ಮಳೆಗೆ 1964ರಲ್ಲಿ ವಿಲಿ ಡ್ಯಾನ್ಸ್‌ಗಾರ್ಡ್ ಒಂದು ಡಿಗ್ರಿಗೆ ಸುಮಾರು 0.7 ಪರ್ ಮಿಲ್ ಎಂಬ ಸಂಬಂಧ ಕೊಟ್ಟರು. ಇವತ್ತಿಗೂ ಇವು ಉಪಯೋಗದಲ್ಲಿವೆ. ಇರಲೇಬೇಕು ಕೂಡ. ಲೆಕ್ಕ ಎಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ತೊಂದರೆ ಬೇರೆ ಕಡೆ ಇದೆ. ಹಿಮದ ಸೂತ್ರ ಹುಟ್ಟಿದ್ದು ಇವತ್ತಿನ ಬೇರೆ ಬೇರೆ ಜಾಗಗಳನ್ನು ಹೋಲಿಸಿ. ನಾವು ಅದನ್ನು ಬಳಸುವುದು ಒಂದೇ ಜಾಗದ ಬೇರೆ ಬೇರೆ ಕಾಲಗಳಿಗೆ. ಜಾಗದಿಂದ ಜಾಗಕ್ಕೆ ಇರುವ ದರವೇ ಕಾಲದಿಂದ ಕಾಲಕ್ಕೂ ಇರಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಗ್ರೀನ್‌ಲ್ಯಾಂಡಿನಲ್ಲಿ ಇದು 1990ರ ದಶಕದಲ್ಲೇ ಗೊತ್ತಾಯಿತು. ಕೊರೆದ ರಂಧ್ರದ ಆಳದ ತಾಪಮಾನವನ್ನು ನೇರವಾಗಿ ಅಳೆದಾಗ, ಹಿಮಯುಗದಿಂದ ಈಚಿನ ಬದಲಾವಣೆಗೆ ಸರಿಹೊಂದಿದ ದರ ಸುಮಾರು 0.33. ಅಂದರೆ ಇಂದಿನದರ ಅರ್ಧ. ಹಿಮಯುಗದ ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದೇ ತೀರಾ ಕಡಿಮೆಯಾಗಿತ್ತು, ದಾಖಲೆಯಲ್ಲಿ ಉಳಿದಿದ್ದು ಬಹುಪಾಲು ಬೇಸಿಗೆಯ ಹಿಮ ಎಂಬ ವಿವರಣೆಯನ್ನು ಮಾಡೆಲ್‌ಗಳು ಕೊಟ್ಟವು. ಇದು ತಂಪು ಕಾಲದ ಉದಾಹರಣೆ. ಬಿಸಿ ಕಾಲಕ್ಕೆ ಇಂಥ ರಂಧ್ರದ ಸಾಕ್ಷಿಯೂ ಸಿಗುವುದಿಲ್ಲ. ಲಕ್ಷ ವರ್ಷ ಹಿಂದಿನ ಬಿಸಿ ಹಿಮಗಡ್ಡೆಯೊಳಗೆ ಎಂದೋ ಹರಡಿ ಅಳಿಸಿಹೋಗಿದೆ.

ಚಿಪ್ಪಿನ ಸೂತ್ರದ ಕತೆ ಸ್ವಲ್ಪ ಮೇಲು. ಅದು ಪ್ರಯೋಗಾಲಯದ ರಸಾಯನಶಾಸ್ತ್ರದ ಮೇಲೆ ನಿಂತಿದೆ, ಕಾಲ ಬದಲಾದರೂ ಅದು ಬದಲಾಗುವುದಿಲ್ಲ. ಆದರೆ ನೀರಿನ ಮೌಲ್ಯವನ್ನು ನೀವೇ ತುಂಬಬೇಕು. ಈ ಜಗಳ ಹಳೆಯದು. 1955ರಲ್ಲಿ ಸೆಸಾರೆ ಎಮಿಲಿಯಾನಿ, ಹಿಮಯುಗಗಳ ಚಿಪ್ಪಿನ ಏರಿಳಿತ ಹೆಚ್ಚಾಗಿ ತಾಪಮಾನದ್ದು ಎಂದರು. 1967ರಲ್ಲಿ ನಿಕೊಲಸ್ ಶ್ಯಾಕಲ್ಟನ್, ಅದರ ದೊಡ್ಡ ಪಾಲು ಹಿಮಗಡ್ಡೆಯದು ಎಂದು ವಾದಿಸಿದರು. ಅಳತೆಯ ಬಗ್ಗೆ ಇಬ್ಬರಿಗೂ ಜಗಳ ಇರಲಿಲ್ಲ. ಜಗಳ ಇದ್ದಿದ್ದು ಹಂಚಿಕೆಯ ಬಗ್ಗೆ.

ಯಾರಿಗೆ ಸೂತ್ರ ಸಾಕು? ಮೊದಲ ಅಂದಾಜು ಬೇಕಾದವರಿಗೆ ಸಾಕು. ಹತ್ತಿರದ ಕಾಲಕ್ಕೆ, ಹಿಮಗಡ್ಡೆಯ ಗಾತ್ರ ಹೆಚ್ಚು ಬದಲಾಗದ ಕಡೆಗೂ ಸಾಕು. ಆದರೆ ಒಂದೇ ದರ ಹಾಕಿ ಒಂದೇ ಉತ್ತರ ಕೊಡಬೇಡಿ. ದರವನ್ನು 0.3ರಿಂದ 0.7ರವರೆಗೆ ಬದಲಿಸಿ ಉತ್ತರ ಎಷ್ಟು ಹಿಗ್ಗುತ್ತದೆ ನೋಡಿ. ನಿಮ್ಮ ತೀರ್ಮಾನ ಆ ಹಿಗ್ಗನ್ನು ತಡೆದುಕೊಂಡರೆ ಮುಂದಿನ ದಾರಿಗಳ ಖರ್ಚು ಬೇಕಿಲ್ಲ.

ಸರಳ ಲೆಕ್ಕದ ಮಾಡೆಲ್

ಸೂತ್ರ ಮತ್ತು ದೊಡ್ಡ ಮಾಡೆಲ್‌ಗಳ ನಡುವೆ ಇನ್ನೊಂದಿದೆ. ಒಂದು ಆವಿಯ ಮುದ್ದೆಯನ್ನು ಹಿಡಿದು, ಅದು ಸಮುದ್ರದಿಂದ ಧ್ರುವದವರೆಗೆ ತಣ್ಣಗಾಗುತ್ತಾ ಮಳೆ ಸುರಿಸುವುದನ್ನು ಹಂತ ಹಂತವಾಗಿ ಲೆಕ್ಕ ಹಾಕುವುದು. ರೇಲೀ ಲೆಕ್ಕ ಎನ್ನುತ್ತಾರೆ. ಆವಿ ಹೊರಟ ಜಾಗದ ತಾಪಮಾನ ಬದಲಾದರೆ ಏನಾಗುತ್ತದೆ ಎಂದು ಅರ್ಥ ಮಾಡಿಕೊಳ್ಳಲು ಇದು ತುಂಬಾ ಚೆನ್ನ. ಆದರೆ ನಿಜದಲ್ಲಿ ಹಿಮ ಬೀಳುವುದು ಒಂದೇ ಮುದ್ದೆಯಿಂದಲ್ಲ, ಹಲವು ಕಡೆಯ ಆವಿ ಬೆರೆತು. ಬಿಸಿ ಕಾಲದಲ್ಲಿ ಬದಲಾಗುವುದು ಆ ಬೆರಕೆಯೇ. ಕಲಿಯಲು ಇದನ್ನು ಬಳಸಿ, ತೀರ್ಪು ಕೊಡಲು ಬೇಡ.

ಐಸೊಟೋಪ್ ಇಲ್ಲದ ಹವಾಮಾನ ಮಾಡೆಲ್

ಇದನ್ನು ಹಲವರು ಕಡೆಗಣಿಸುತ್ತಾರೆ. ಅದು ತಪ್ಪು ಎಂದು ನನ್ನ ಅನಿಸಿಕೆ. ಸಾಮಾನ್ಯ ಹವಾಮಾನ ಮಾಡೆಲ್ ತಾಪಮಾನ, ಮಳೆ, ಗಾಳಿ, ಸಮುದ್ರದ ಮೇಲಿನ ಮಂಜುಗಡ್ಡೆ ಎಲ್ಲವನ್ನೂ ಕೊಡುತ್ತದೆ, ಡೆಲ್ಟಾ ಮೌಲ್ಯವೊಂದನ್ನು ಬಿಟ್ಟು. ಅದರ ದೊಡ್ಡ ಲಾಭ ಸಂಖ್ಯಾಬಲ. ಹಿಂದಿನ ಬಿಸಿ ಕಾಲಗಳಿಗೆ ಹಲವು ದೇಶಗಳ ಮಾಡೆಲ್‌ಗಳು ಒಂದೇ ಷರತ್ತುಗಳೊಂದಿಗೆ ಓಡಿವೆ. 1,27,000 ವರ್ಷ ಹಿಂದಿನ ಕಾಲಕ್ಕೆ ಒಂದು ಗುಂಪು. ಸುಮಾರು 32 ಲಕ್ಷ ವರ್ಷ ಹಿಂದಿನ ಪ್ಲಿಯೊಸೀನ್ ಬಿಸಿ ಕಾಲಕ್ಕೆ ಇನ್ನೊಂದು ಗುಂಪು. ಪ್ಲಿಯೊಸೀನ್ ಗುಂಪಿನ ಎರಡನೇ ಸುತ್ತಿನಲ್ಲಿ ಮಾಡೆಲ್‌ಗಳು ಕೊಟ್ಟ ಜಾಗತಿಕ ಬಿಸಿ 1.7ರಿಂದ 5.2 ಡಿಗ್ರಿವರೆಗೆ ಹರಡಿದೆ. ಒಂದೇ ಮಾಡೆಲ್ ನೋಡಿದ್ದರೆ ಈ ಹರವು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಡೆಲ್ಟಾ ಇಲ್ಲದಿದ್ದರೂ ಉಪಯುಕ್ತ ಪ್ರಶ್ನೆಗಳನ್ನು ಕೇಳಬಹುದು. ನಿಮ್ಮ ಜಾಗದಲ್ಲಿ ಹಿಮ ಬೀಳುವ ತಿಂಗಳು ಬದಲಾಗಿದೆಯೇ? ವರ್ಷದ ಸರಾಸರಿ ತಾಪಮಾನಕ್ಕೂ, ಹಿಮ ಬಿದ್ದ ದಿನಗಳ ಸರಾಸರಿ ತಾಪಮಾನಕ್ಕೂ ಎಷ್ಟು ಅಂತರ? ಈ ಎರಡನೆಯದನ್ನು ತಿಂಗಳ ಮಾಹಿತಿಯಿಂದ ಮನೆಯ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬಹುದು. ಅಂತರ ದೊಡ್ಡದಾಗಿದ್ದರೆ ನಿಮ್ಮ ಸೂತ್ರ ಮೋಸ ಮಾಡುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರ. 1,27,000 ವರ್ಷಗಳ ಹಿಂದೆ ಭೂಮಿಯ ಕಕ್ಷೆ ಬೇರೆ ಇತ್ತು, ಋತುಗಳ ಉದ್ದವೂ ಬೇರೆ ಇತ್ತು. ಇಂದಿನ ಕ್ಯಾಲೆಂಡರಿನ ತಿಂಗಳನ್ನು ಹಾಗೇ ಇಟ್ಟು ಹೋಲಿಸಿದರೆ, ಇಲ್ಲದ ಬದಲಾವಣೆ ಕಾಣಿಸುತ್ತದೆ. ತಿಂಗಳ ಮಾಹಿತಿ ಬಳಸುವ ಮೊದಲು ಕ್ಯಾಲೆಂಡರ್ ತಿದ್ದುಪಡಿ ಆಗಿದೆಯೇ ನೋಡಿ.

ಐಸೊಟೋಪ್ ಹೊತ್ತ ಮಾಡೆಲ್: ಬಿಸಿ ಕಾಲದ ನಿಜವಾದ ಪರೀಕ್ಷೆ

ಇಲ್ಲಿ ಮಾಡೆಲ್ ನೀರಿನ ಚಕ್ರವನ್ನು ಹಗುರ, ಭಾರ ಎಂದು ಬೇರೆ ಬೇರೆಯಾಗಿ ಓಡಿಸುತ್ತದೆ. ಆವಿ, ಮೋಡ, ಮಳೆ, ಹಿಮ, ನದಿ, ಸಮುದ್ರ, ಎಲ್ಲ ಕಡೆಯೂ ಐಸೊಟೋಪ್ ಬೇರ್ಪಡುವ ನಿಯಮಗಳನ್ನು ಹಾಕಿರುತ್ತಾರೆ. ಮೊದಲ ಯತ್ನ 1984ರಲ್ಲಿ ಪ್ಯಾರಿಸ್ಸಿನ ಮಾಡೆಲ್ಲಿನಲ್ಲಿ ನಡೆಯಿತು. 1987ರಲ್ಲಿ ನಾಸಾದ ಗಿಸ್ ಸಂಸ್ಥೆಯ ಮಾಡೆಲ್ ಬಂತು. ಈಗ ಬ್ರಿಟನ್ನಿನ ಹ್ಯಾಡ್‌ಸಿಎಂ3, ಜರ್ಮನಿಯ ಎಕ್ಯಾಮ್, ಅಮೆರಿಕದ ಸಿಇಎಸ್‌ಎಂ ಮುಂತಾದವುಗಳಿಗೆ ಐಸೊಟೋಪ್ ರೂಪಗಳಿವೆ.

ಇವುಗಳ ಬಲ ಏನೆಂದರೆ, ಹೋಲಿಕೆಯ ದಿಕ್ಕೇ ತಿರುಗುತ್ತದೆ. ಡೆಲ್ಟಾವನ್ನು ತಾಪಮಾನಕ್ಕೆ ತಿರುಗಿಸಿ, ಆ ತಾಪಮಾನವನ್ನು ಮಾಡೆಲ್ ಜೊತೆ ಹೋಲಿಸುವುದು ಹಳೆಯ ರೀತಿ. ಇಲ್ಲಿ ಮಾಡೆಲ್ಲೇ ಡೆಲ್ಟಾ ಕೊಡುತ್ತದೆ. ಅದನ್ನು ಅಳತೆಯ ಪಕ್ಕಕ್ಕೆ ನೇರವಾಗಿ ಇಡಬಹುದು. ನಡುವಿನ ಸೂತ್ರದ ಊಹೆಗಳು ಹೊರಟುಹೋಗುತ್ತವೆ. ನನ್ನ ಪ್ರಕಾರ ಬಿಸಿ ಕಾಲಗಳ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಅಂಟಾರ್ಕ್ಟಿಕಾದ ಉದಾಹರಣೆ ನೋಡಿ. ಕಳೆದ ಬಿಸಿ ಕಾಲದಲ್ಲಿ, ಅಂದರೆ ಸುಮಾರು 1,29,000ದಿಂದ 1,16,000 ವರ್ಷಗಳ ಹಿಂದಿನ ಅವಧಿಯಲ್ಲಿ, ಪೂರ್ವ ಅಂಟಾರ್ಕ್ಟಿಕಾ ಇಂದಿಗಿಂತ ಸುಮಾರು 3 ಡಿಗ್ರಿ ಬಿಸಿ ಇತ್ತು ಎಂದು ಸೂತ್ರದ ಲೆಕ್ಕ ಹೇಳುತ್ತಿತ್ತು. 2009ರಲ್ಲಿ ಐಸೊಟೋಪ್ ಹೊತ್ತ ಬ್ರಿಟಿಷ್ ಮಾಡೆಲ್ಲಿನಲ್ಲಿ ಬಿಸಿ ಹವಾಮಾನ ಓಡಿಸಿ ನೋಡಿದರು. ಬಿಸಿಯಾದಂತೆ ಅಲ್ಲಿನ ಡೆಲ್ಟಾ, ತಾಪಮಾನಕ್ಕೆ ಮೊದಲಿನಷ್ಟು ಪ್ರತಿಕ್ರಿಯಿಸುವುದಿಲ್ಲ ಎಂದು ಕಂಡಿತು. ಹಾಗಾದರೆ ಅದೇ ದಾಖಲೆಗೆ ಕನಿಷ್ಠ 6 ಡಿಗ್ರಿ ಬೇಕು. ಅಂದಾಜು ಎರಡರಷ್ಟಾಯಿತು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಆ ಬಿಸಿ ಮಾಡೆಲ್ ಓಟ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿ ಮಾಡಿದ್ದು. ನಿಜವಾದ ಆ ಕಾಲದಲ್ಲಿ ಕಾರ್ಬನ್ ಡೈಆಕ್ಸೈಡ್ ಕೈಗಾರಿಕೆ ಕಾಲದ ಹಿಂದಿನ ಮಟ್ಟದಲ್ಲೇ, ಸುಮಾರು 275 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 275), ಇತ್ತು. ಬದಲಾಗಿದ್ದು ಕಕ್ಷೆ ಮತ್ತು ಬಿಸಿಲಿನ ಹಂಚಿಕೆ. ಹಾಗಾಗಿ ಇನ್ನೊಂದು ಪ್ರಶ್ನೆ ಎದ್ದಿತು. 1,28,000 ವರ್ಷ ಹಿಂದಿನ ಡೆಲ್ಟಾ ಶಿಖರಕ್ಕೆ ಪಶ್ಚಿಮ ಅಂಟಾರ್ಕ್ಟಿಕಾದ ಹಿಮಗಡ್ಡೆ ಕುಸಿದಿದ್ದು ಕಾರಣವೋ, ಸುತ್ತಲಿನ ಸಮುದ್ರದ ಮಂಜುಗಡ್ಡೆ ಕರಗಿದ್ದು ಕಾರಣವೋ? 2016ರಲ್ಲಿ ಅದೇ ಮಾಡೆಲ್ ಕುಟುಂಬದಲ್ಲಿ ಎರಡನ್ನೂ ಬೇರೆ ಬೇರೆ ಓಡಿಸಿದರು. ಹಿಮಗಡ್ಡೆ ಕುಸಿದರೆ ಡೆಲ್ಟಾ ಮಾದರಿ ಅಳತೆಗೆ ಉಲ್ಟಾ ಬರುತ್ತಿತ್ತು. ಚಳಿಗಾಲದ ಸಮುದ್ರ ಮಂಜುಗಡ್ಡೆ ಸುಮಾರು ಶೇಕಡಾ 65ರಷ್ಟು ಕಡಿಮೆಯಾದರೆ ಸರಿಯಾಗಿ ಹೊಂದುತ್ತಿತ್ತು. ಮಂಜುಗಡ್ಡೆ ಸರಿದರೆ ಆವಿ ಹತ್ತಿರದ ಸಮುದ್ರದಿಂದ ಏಳುತ್ತದೆ. ಹತ್ತಿರದಿಂದ ಬಂದ ಆವಿ ದಾರಿಯಲ್ಲಿ ಹೆಚ್ಚು ಮಳೆ ಸುರಿಸಿರುವುದಿಲ್ಲ, ಅದರಲ್ಲಿ ಭಾರದ್ದು ಇನ್ನೂ ಉಳಿದಿರುತ್ತದೆ.

ಯಾವ ಸೂತ್ರವೂ ಈ ಉತ್ತರ ಕೊಡಲಾರದು. ಸೂತ್ರಕ್ಕೆ ತಾಪಮಾನ ಬಿಟ್ಟು ಬೇರೆ ಕಾರಣವೇ ಗೊತ್ತಿಲ್ಲ.

ಆರಂಭದ ಗ್ರೀನ್‌ಲ್ಯಾಂಡ್ ಲೆಕ್ಕಕ್ಕೂ ಇದೇ ಪಾಠ ಅನ್ವಯಿಸಿತು. 2013ರ ಒಂದು ಅಧ್ಯಯನದಲ್ಲಿ ಎರಡು ಐಸೊಟೋಪ್ ಮಾಡೆಲ್‌ಗಳನ್ನು ನೋಡಿದಾಗ, ಉತ್ತರ ಗ್ರೀನ್‌ಲ್ಯಾಂಡಿನ ಸುತ್ತಲಿನ ಸಮುದ್ರ ಅಷ್ಟಾಗಿ ಬಿಸಿಯಾಗದಿದ್ದರೆ ದರ 0.1ರಿಂದ 0.3. ತುಂಬಾ ಬಿಸಿಯಾದರೆ 0.3ರಿಂದ 0.7. ಇದರಿಂದ ಬರುವ ತಾಪಮಾನ ಏರಿಕೆ 4 ಡಿಗ್ರಿಯಿಂದ 10ಕ್ಕಿಂತ ಹೆಚ್ಚಿನವರೆಗೆ. ಮಾಡೆಲ್ ಬಂದ ಮೇಲೆ ಉತ್ತರ ಕಿರಿದಾಗಲಿಲ್ಲ, ಅಗಲವಾಯಿತು. ಇದನ್ನು ಸೋಲು ಎಂದು ನೋಡಬೇಡಿ. ಯಾವ ಮಾಹಿತಿ ಬೇಕು ಎಂಬುದು ಈಗ ಗೊತ್ತಾಯಿತು: ಆ ಸಮುದ್ರದ ತಾಪಮಾನ ಮತ್ತು ಮಂಜುಗಡ್ಡೆಯ ಅಂಚು.

ಕೊರತೆಗಳೂ ಸಾಕಷ್ಟಿವೆ. ಆಳ ಸಮುದ್ರ ಸ್ಥಿರವಾಗಲು ಮಾಡೆಲ್ ತನ್ನೊಳಗಿನ ಲೆಕ್ಕದಲ್ಲಿ ಸಾವಿರಾರು ವರ್ಷ ಓಡಬೇಕು, ಐಸೊಟೋಪ್ ಸೇರಿದರೆ ಖರ್ಚು ಇನ್ನೂ ಏರುತ್ತದೆ. ಮಾಡೆಲ್ ಭೂಮಿಯನ್ನು ಭಾಗ ಮಾಡುವ ಚೌಕಗಳು ನೂರಾರು ಕಿಲೋಮೀಟರ್ ಅಗಲ, ಹಾಗಾಗಿ ಬೆಟ್ಟದ ಎತ್ತರ ಚಪ್ಪಟೆಯಾಗುತ್ತದೆ. ಎತ್ತರ ಮುಖ್ಯ: ಸಾಮಾನ್ಯವಾಗಿ 100 ಮೀಟರಿಗೆ ಸುಮಾರು 0.28 ಪರ್ ಮಿಲ್ ಇಳಿಯುತ್ತದೆ. ಹಿಮಗಡ್ಡೆ ಕರಗಿ ಮೇಲ್ಮೈ ಕುಗ್ಗಿದ್ದರೆ, ಆ ಬದಲಾವಣೆ ತಾಪಮಾನದ ವೇಷದಲ್ಲಿ ಬರುತ್ತದೆ. ಅತಿ ಚಳಿಯಲ್ಲಿ ಹಿಮಕಣ ಬೆಳೆಯುವಾಗಿನ ಬೇರ್ಪಡುವಿಕೆಗೆ ಮಾಡೆಲ್‌ಗಳಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಇಂದಿನ ಅಂಟಾರ್ಕ್ಟಿಕಾದ ಅಳತೆಗೆ ಹೊಂದಿಸಿ ಇಟ್ಟಿರುತ್ತಾರೆ. ಅಂದರೆ ಇಲ್ಲೂ ಇವತ್ತಿನ ಹಂಗು ಪೂರ್ತಿ ತಪ್ಪಿಲ್ಲ.

ಇನ್ನೂ ಗಂಭೀರವಾದ ಮಾತು ಒಂದಿದೆ. ಡೆಲ್ಟಾ ಹೊಂದಿತು ಎಂದರೆ ತಾಪಮಾನ ಸರಿ ಎಂದಲ್ಲ. ಎರಡು ತಪ್ಪುಗಳು ಒಂದನ್ನೊಂದು ಕಳೆದು ಸರಿ ಡೆಲ್ಟಾ ಬರಬಹುದು. ಅದಕ್ಕೇ ಹೈಡ್ರೋಜನ್ ಐಸೊಟೋಪ್‌ಗಳನ್ನೂ ಸೇರಿಸಿ ಡ್ಯೂಟೇರಿಯಂ ಎಕ್ಸೆಸ್ ಎಂಬ ಎರಡನೇ ಸಂಖ್ಯೆಯನ್ನು ಪರೀಕ್ಷಿಸಿ. ಆವಿ ಹೊರಟ ಜಾಗದ ಬಗ್ಗೆ ಅದು ಬೇರೆ ಸಾಕ್ಷಿ ಕೊಡುತ್ತದೆ. ಎರಡೂ ಹೊಂದಿದರೆ ನಂಬಿಕೆ ಏರುತ್ತದೆ.

ತೀರಾ ಹಳೆಯ ಕಾಲ, ತೀರಾ ಬಿಸಿ

5.6 ಕೋಟಿ ವರ್ಷಗಳ ಹಿಂದೆ, ಪೇಲಿಯೊಸೀನ್ ಮತ್ತು ಇಯೊಸೀನ್ ಎಂಬ ಎರಡು ಭೂಕಾಲಗಳ ಗಡಿಯಲ್ಲಿ, ಭೂಮಿ ಇದ್ದಕ್ಕಿದ್ದಂತೆ ಇನ್ನಷ್ಟು ಬಿಸಿಯಾಯಿತು. ಆಗ ದೊಡ್ಡ ಹಿಮಗಡ್ಡೆಗಳೇ ಇರಲಿಲ್ಲ. ಇಲ್ಲಿ ದಾಖಲೆ ಬಹುಪಾಲು ಚಿಪ್ಪುಗಳದ್ದು.

ಇಂದಿನ ಹಿಮಗಡ್ಡೆಯೆಲ್ಲ ಕರಗಿ ಸಾಗರಕ್ಕೆ ಸೇರಿದರೆ ಸಾಗರದ ಸರಾಸರಿ ಮೌಲ್ಯ ಸುಮಾರು 1 ಪರ್ ಮಿಲ್ ಇಳಿಯುತ್ತದೆ. ಇದನ್ನು ಮರೆತು ಇಂದಿನ ನೀರಿನ ಮೌಲ್ಯ ಹಾಕಿದರೆ ತಾಪಮಾನ ನಾಲ್ಕೈದು ಡಿಗ್ರಿ ಜಾಸ್ತಿ ಬರುತ್ತದೆ. ಇದನ್ನು ಯಾರೂ ಮರೆಯುವುದಿಲ್ಲ. ಕಷ್ಟ ಇರುವುದು ಸ್ಥಳೀಯ ಮೌಲ್ಯದಲ್ಲಿ. 1994ರಿಂದ ಹಲವರು, ಇಂದಿನ ಸಾಗರದಲ್ಲಿ ಅಕ್ಷಾಂಶದಂತೆ ಮೌಲ್ಯ ಬದಲಾಗುವ ರೀತಿಯನ್ನೇ ಸೂತ್ರವಾಗಿ ಮಾಡಿ ಹಳೆಯ ಕಾಲಕ್ಕೂ ಹಾಕುತ್ತಾ ಬಂದರು. ಆದರೆ ಇಯೊಸೀನ್‌ನಲ್ಲಿ ಖಂಡಗಳು ಬೇರೆ ಕಡೆ ಇದ್ದವು, ಮಳೆ ಮತ್ತು ಆವಿಯ ಚಕ್ರ ಜೋರಾಗಿತ್ತು, ಉತ್ತರ ಧ್ರುವ ಸಾಗರ ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತು. 2010ರಲ್ಲಿ ಹ್ಯಾಡ್‌ಸಿಎಂ3 ಮತ್ತು 2020ರಲ್ಲಿ ಐಸೊಟೋಪ್ ಸಿಇಎಸ್‌ಎಂ ಬಳಸಿ ಆ ಕಾಲದ ಸಮುದ್ರದ ನೀರಿನ ಮೌಲ್ಯದ ನಕ್ಷೆ ಮಾಡಿದರು. ಸ್ಥಳೀಯ ಮೌಲ್ಯ ಅರ್ಧ ಪರ್ ಮಿಲ್ ಬದಲಾದರೂ ತಾಪಮಾನದ ಅಂದಾಜು ಎರಡು ಡಿಗ್ರಿಗಿಂತ ಹೆಚ್ಚು ಸರಿಯುತ್ತದೆ. ಹಾಗಾಗಿ ಇಯೊಸೀನ್ ಚಿಪ್ಪುಗಳಿಗೆ ನನ್ನ ಸಲಹೆ ಸ್ಪಷ್ಟ: ಚಿಪ್ಪಿನ ಸಮೀಕರಣವನ್ನು ಇಟ್ಟುಕೊಳ್ಳಿ, ನೀರಿನ ಮೌಲ್ಯವನ್ನು ಮಾತ್ರ ಐಸೊಟೋಪ್ ಮಾಡೆಲ್ಲಿನಿಂದ ತೆಗೆದುಕೊಳ್ಳಿ. ಎರಡು ಮಾಡೆಲ್‌ಗಳಿಂದ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಇದು ಅರ್ಧ ಸೂತ್ರ, ಅರ್ಧ ಮಾಡೆಲ್. ಈ ಕಾಲಕ್ಕೆ ಇದೇ ಹದ.

ಮಾಡೆಲ್ ಸರಿಪಡಿಸಲಾಗದ ಸಮಸ್ಯೆಗಳೂ ಇವೆ. ಸಮುದ್ರದ ತಳಕ್ಕೆ ಬಿದ್ದ ಚಿಪ್ಪು ತಣ್ಣನೆಯ ನೀರಿನಲ್ಲಿ ಮತ್ತೆ ಹರಳುಗಟ್ಟಿದರೆ ಉಷ್ಣವಲಯ ಇದ್ದದ್ದಕ್ಕಿಂತ ತಂಪಾಗಿ ಕಾಣುತ್ತದೆ. ಟಾಂಜಾನಿಯಾದ ಜೇಡಿನಲ್ಲಿ ಗಾಜಿನಂತೆ ಸ್ವಚ್ಛವಾಗಿ ಉಳಿದ ಚಿಪ್ಪುಗಳು 2001ರಲ್ಲಿ ಈ ಮೋಸವನ್ನು ಬಯಲಿಗೆಳೆದವು. ಇನ್ನೊಂದು, ಸಮುದ್ರ ಆಮ್ಲೀಯವಾದಂತೆ ಚಿಪ್ಪಿನ ಡೆಲ್ಟಾ ಸ್ವಲ್ಪ ಏರುತ್ತದೆ. ಅದರಿಂದಲೂ ತಾಪಮಾನ ಕಡಿಮೆ ಅಂದಾಜಾಗುತ್ತದೆ. ಕೆಟ್ಟ ಚಿಪ್ಪಿಗೆ ಒಳ್ಳೆಯ ಮಾಡೆಲ್ ಔಷಧಿಯಲ್ಲ.

ಮಾಡೆಲ್ ಆರಿಸುವಾಗಲೂ ಹುಷಾರು. ಸಿಇಎಸ್‌ಎಂನ 1.2 ಆವೃತ್ತಿ ಇಯೊಸೀನ್ ಬಿಸಿಯನ್ನು ಚೆನ್ನಾಗಿ ಹಿಡಿಯಿತು. ಮುಂದಿನ ಆವೃತ್ತಿ, ಹೊಸದಾಗಿದ್ದರೂ, ಅದೇ ಕಾಲಕ್ಕೆ ಸಾಕ್ಷಿಗಳು ಒಪ್ಪದಷ್ಟು ಬಿಸಿಯಾಯಿತು. ಮೋಡಗಳ ಲೆಕ್ಕದ ವ್ಯತ್ಯಾಸ ಅದಕ್ಕೆ ಕಾರಣ. ಹೊಸ ಆವೃತ್ತಿ ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ.

ಪ್ಲಿಯೊಸೀನ್, ಕಳೆದ ಬಿಸಿ ಕಾಲ ಮತ್ತು ಇಯೊಸೀನ್ ಎರಡರ ನಡುವಿನದು. ಆಗ ಕಾರ್ಬನ್ ಡೈಆಕ್ಸೈಡ್ ಸುಮಾರು 400 ಪಿಪಿಎಂ. ಹಿಮಗಡ್ಡೆ ಇತ್ತು, ಆದರೆ ಇಂದಿಗಿಂತ ಕಡಿಮೆ. ಎಷ್ಟು ಕಡಿಮೆ ಎಂಬುದೇ ಪ್ರಶ್ನೆ. 2005ರಲ್ಲಿ ಪ್ರಕಟವಾದ, ಸಮುದ್ರದ 57 ಕಡೆಯ ದಾಖಲೆಗಳನ್ನು ಒಟ್ಟುಗೂಡಿಸಿದ ಪ್ರಸಿದ್ಧ ರೇಖೆ ಇಲ್ಲಿ ಎಲ್ಲರ ಆಧಾರ. ಆದರೆ ಅದರಲ್ಲಿ 0.1 ಪರ್ ಮಿಲ್ ಕುಸಿತವನ್ನು ಸಮುದ್ರ ಮಟ್ಟದ ಸುಮಾರು 10 ಮೀಟರ್ ಏರಿಕೆ ಎಂದೂ ಓದಬಹುದು, ಆಳದ ನೀರು ಅರ್ಧ ಡಿಗ್ರಿ ಬಿಸಿಯಾಯಿತು ಎಂದೂ ಓದಬಹುದು. ಅದೂ ಅಲ್ಲದೆ ಬಿಸಿ ಕಾಲದಲ್ಲಿ ಧ್ರುವದ ಹಿಮವೇ ಇಂದಿನದಕ್ಕಿಂತ ಭಾರವಾಗಿತ್ತು. ಹಾಗಾಗಿ ಮೀಟರಿಗೆ ಇಷ್ಟು ಎಂಬ ದರವೂ ಬದಲಾಗುತ್ತದೆ. ಆ ಹಿಮದ ಮೌಲ್ಯ ಎಷ್ಟಿತ್ತು ಎಂದು ಹೇಳಲು ಐಸೊಟೋಪ್ ಮಾಡೆಲ್ ಬೇಕು. ಆಳದ ತಾಪಮಾನವನ್ನು ಬೇರ್ಪಡಿಸಲು ಚಿಪ್ಪಿನ ಮೆಗ್ನೀಸಿಯಂನಂಥ ಬೇರೆ ಅಳತೆ ಬೇಕು. ಒಂದರಿಂದ ಆಗುವ ಕೆಲಸವಲ್ಲ.

ಗುಹೆಯ ದಾಖಲೆಗೆ ಬೇರೆ ಲೆಕ್ಕ

ಸ್ಟಾಲಗ್ಮೈಟ್ ನೋಡುವವರಿಗೆ ತಾಪಮಾನ ಮುಖ್ಯ ಪ್ರಶ್ನೆಯೇ ಅಲ್ಲ. ಅಲ್ಲಿ ಮಳೆಯದೇ ಮಾತು. ಡೆಲ್ಟಾ ಇಳಿದರೆ ಗುಹೆಯ ಮೇಲೆ ಮಳೆ ಜಾಸ್ತಿಯಾಯಿತು ಎಂದು ಮೊದಲು ಓದುತ್ತಿದ್ದರು. ಚೀನಾದ ಗುಹೆಗಳ ದಾಖಲೆಗಳ ಮೇಲೆ ಐಸೊಟೋಪ್ ಮಾಡೆಲ್ ಓಡಿಸಿದ ಮೇಲೆ ಆ ಓದು ಅಲುಗಾಡಿತು. ಆವಿ ಬರುವ ದಾರಿಯಲ್ಲಿ ಎಲ್ಲೋ ದೂರದಲ್ಲಿ ಸುರಿದ ಮಳೆಯೂ ಗುಹೆಯ ಡೆಲ್ಟಾವನ್ನು ಇಳಿಸಬಲ್ಲದು. ಕೆಲವು ಮಾಡೆಲ್‌ಗಳಲ್ಲಿ ಒಂದೊಂದು ಸಮುದ್ರದ ಆವಿಗೂ ಬೇರೆ ಬೇರೆ ಬಣ್ಣ ಕೊಟ್ಟಂತೆ ಗುರುತು ಹಾಕಿ, ಮಳೆಯಲ್ಲಿ ಯಾವುದು ಎಷ್ಟು ಬಂತು ಎಂದು ನೋಡುವ ಸೌಲಭ್ಯ ಇದೆ. ಗುಹೆಗೆ ಮಾಡೆಲ್ ಹುಡುಕುತ್ತಿದ್ದರೆ ಈ ಸೌಲಭ್ಯ ಇರುವುದನ್ನೇ ಹುಡುಕಿ. ಸಾಗರದ ಆಳ ಸರಿಯಿದೆಯೇ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ವಾತಾವರಣದ ಚೌಕ ಸಣ್ಣದಾಗಿದ್ದಷ್ಟೂ ಒಳ್ಳೆಯದು.

ದಾಖಲೆಯದೇ ಮಾಡೆಲ್, ಮತ್ತು ಬೆರೆಸುವ ವಿಧಾನ

ಮಾಡೆಲ್ ಕೊಡುವುದು ಮಳೆಯ ಡೆಲ್ಟಾ. ನೀವು ಅಳೆಯುವುದು ಕಲ್ಲಿನದು, ಚಿಪ್ಪಿನದು, ಅಥವಾ ಸಾವಿರಾರು ವರ್ಷ ಒತ್ತಿ ಕೂತ ಹಿಮದ್ದು. ನಡುವೆ ಮಣ್ಣಿನಲ್ಲಿ ನೀರು ಬೆರೆಯುತ್ತದೆ, ಹಿಮದಲ್ಲಿ ಐಸೊಟೋಪ್ ಹರಡಿ ಏರಿಳಿತ ಮಸುಕಾಗುತ್ತದೆ, ಜೀವಿ ತನಗಿಷ್ಟವಾದ ಋತುವಿನಲ್ಲಿ ಮಾತ್ರ ಬೆಳೆಯುತ್ತದೆ. ಈ ಹೆಜ್ಜೆಗಳನ್ನು ಲೆಕ್ಕ ಹಾಕುವ ಸಣ್ಣ ಮಾಡೆಲ್‌ಗಳನ್ನು ಪ್ರಾಕ್ಸಿ ಮಾಡೆಲ್ ಎನ್ನುತ್ತಾರೆ. ಇವು ಖರ್ಚಿಲ್ಲದ ಕೆಲಸ. ಐಸೊಟೋಪ್ ಮಾಡೆಲ್ಲಿನ ಫಲಿತಾಂಶ ಕೈಯಲ್ಲಿದ್ದೂ ಇದನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಇನ್ನೊಂದು ಹೊಸ ದಾರಿ ಅಳತೆ ಮತ್ತು ಮಾಡೆಲ್ ಎರಡನ್ನೂ ಬೆರೆಸುವುದು. ಹಲವು ಮಾಡೆಲ್ ಓಟಗಳಿಂದ ಆರಂಭಿಸಿ, ದಾಖಲೆಗಳು ಹೇಳಿದಂತೆ ಅದನ್ನು ತಿದ್ದುತ್ತಾ ಇಡೀ ಭೂಮಿಯ ನಕ್ಷೆ ಪಡೆಯುತ್ತಾರೆ. 5.6 ಕೋಟಿ ವರ್ಷ ಹಿಂದಿನ ಆ ಬಿಸಿ ಘಟನೆಗೆ 2022ರಲ್ಲಿ ಹೀಗೆ ಮಾಡಿದಾಗ, ಜಾಗತಿಕ ತಾಪಮಾನ ಸುಮಾರು 28.5 ಡಿಗ್ರಿಯಿಂದ 34.1 ಡಿಗ್ರಿಗೆ ಏರಿತ್ತು ಎಂಬ ಉತ್ತರ ಬಂತು. ನಾಲ್ಕಾರು ಕಡೆ ಮಾತ್ರ ದಾಖಲೆ ಇರುವಾಗ ಇಡೀ ಭೂಮಿಯ ಸರಾಸರಿ ಬೇಕೆಂದರೆ ಇದು ಬಲವಾದ ದಾರಿ. ಆದರೆ ಆರಂಭದ ಮಾಡೆಲ್ ಓಟಗಳ ವ್ಯಾಪ್ತಿಯಲ್ಲೇ ನಿಜ ಇಲ್ಲದಿದ್ದರೆ, ತಿದ್ದುಪಡಿ ಅಲ್ಲಿಗೆ ತಲುಪುವುದು ಕಷ್ಟ. ನಿಮ್ಮ ಒಂದೇ ಗುಹೆ ಅಥವಾ ಒಂದೇ ಕೋರಿಗೆ ಇದು ಬೇಡ.

ಬೇರೆಯವರ ಓಟ ಬಳಸುವಾಗ

ಹೆಚ್ಚಿನವರಿಗೆ ಸ್ವಂತ ಮಾಡೆಲ್ ಓಡಿಸುವ ಅಗತ್ಯವಿಲ್ಲ. ಆಗಲೇ ಮಾಡಿಟ್ಟ ಓಟಗಳನ್ನು ಪಡೆದು ಬಳಸುವುದೇ ಜಾಣತನ. ಆದರೆ ತೆಗೆದುಕೊಳ್ಳುವ ಮೊದಲು ಕೆಲವು ವಿಷಯ ವಿಚಾರಿಸಿ. ಕಾರ್ಬನ್ ಡೈಆಕ್ಸೈಡ್ ಎಷ್ಟು ಇಟ್ಟಿದ್ದಾರೆ, ಕಕ್ಷೆ ಯಾವ ಕಾಲದ್ದು, ಹಿಮಗಡ್ಡೆಯ ಆಕಾರ ಇಂದಿನದೋ ಅಂದಿನದೋ, ಸಮುದ್ರದ ಮಂಜುಗಡ್ಡೆಯನ್ನು ಮಾಡೆಲ್ಲೇ ಲೆಕ್ಕ ಹಾಕಿದೆಯೋ ಕೈಯಿಂದ ಕೊಟ್ಟಿದ್ದೋ? ಕಡಲಿನ ಐಸೊಟೋಪ್ ಮೌಲ್ಯ ಎಲ್ಲಿಂದ ಆರಂಭಿಸಿದ್ದಾರೆ, ಹಿಮಗಡ್ಡೆ ಕರಗಿದ ಬದಲಾವಣೆ ಸೇರಿದೆಯೇ? ಸೇರಿಲ್ಲದಿದ್ದರೆ ನೀವೇ ಸೇರಿಸಬೇಕು. ಒಂದೇ ಮಾಡೆಲ್ಲಿನ ಓಟಗಳು ಸಿಕ್ಕರೆ ಅವುಗಳ ಒಟ್ಟು ಸಂಖ್ಯೆಯನ್ನು ನಂಬಬೇಡಿ. ಅದೇ ಮಾಡೆಲ್ಲಿನ ಹಳೆಯ ಕಾಲದ ಮತ್ತು ಇಂದಿನ ಕಾಲದ ಎರಡು ಓಟಗಳ ನಡುವಿನ ವ್ಯತ್ಯಾಸವನ್ನು ನೋಡಿ, ಮಾಡೆಲ್ಲಿನ ಸ್ವಂತ ದೋಷ ಅದರಲ್ಲಿ ಬಹಳಷ್ಟು ಕಳೆದುಹೋಗಿರುತ್ತದೆ.

ಅಳತೆಗೋಲನ್ನೂ ಪರೀಕ್ಷಿಸಿ. ನೀರಿನ ಡೆಲ್ಟಾವನ್ನು ಸಾಗರದ ನೀರಿನ ಮಾದರಿಗೆ ಹೋಲಿಸಿ ಬರೆಯುತ್ತಾರೆ. ಸುಣ್ಣದ ಚಿಪ್ಪಿನದನ್ನು ಬೇರೆ ಮಾದರಿಗೆ, ಒಂದು ಪಳೆಯುಳಿಕೆಯ ಹೆಸರಿನ ಪಿಡಿಬಿ ಅಳತೆಗೋಲಿಗೆ. ತಾಪಮಾನ ಸಮೀಕರಣಕ್ಕೆ ಮಾಡೆಲ್ಲಿನ ನೀರಿನ ಮೌಲ್ಯ ಹಾಕುವಾಗ 0.27 ಪರ್ ಮಿಲ್ ಕಳೆಯುವ ಪದ್ಧತಿ ಇದೆ. ಕೆಲವು ಸಮೀಕರಣಗಳಲ್ಲಿ ಅದು ಒಳಗೇ ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಇದನ್ನು ಬಿಟ್ಟರೂ, ಎರಡು ಸಲ ಕಳೆದರೂ ಉತ್ತರ ಒಂದು ಡಿಗ್ರಿಗಿಂತ ಹೆಚ್ಚು ಸರಿಯುತ್ತದೆ. ಮಾಡೆಲ್ ಫಲಿತಾಂಶ ತೆರೆಯುವ ಮೊದಲು ನಿಮ್ಮ ಸಮೀಕರಣ ಯಾವ ಬಗೆಯದು ಎಂದು ನೋಡಿ, ಬರೆದಿಟ್ಟುಕೊಳ್ಳಿ.